ತುಳಸಿ ಇಟ್ಟು ಕೊಟ್ಟ ಪುಸ್ತಕಗಳು

ಆ ಬೆಳಿಗ್ಗೆ ಗಾಳಿ ಅಲುಗಿರಲಿಲ್ಲ. ಫಾಲ್ಗುಣ ಇನ್ನೂ ಮುಗಿದಿರಲಿಲ್ಲ, ಆಗಲೇ ಕಲಬುರಗಿಯ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ಸಂಧ್ಯಾವಂದನೆ ಮುಗಿಸಿ ಏಳುವಷ್ಟರಲ್ಲಿ ಜಯತೀರ್ಥಾಚಾರ್ಯರ ಬೆನ್ನು ಬೆವೆತು ಹೋಗಿತ್ತು.

"ಇವತ್ತರೆ ಪುಸ್ತಕ ತಿರುಗಿ ಕೊಡ್ರಿ ಅಂತ ಬಾಯಿಬಿಟ್ಟು ಕೇಳಿ ಬರ್ರಿ," ಎಂದರು ಹೆಂಡತಿ ಇಂದೂಬಾಯಿ, ಚಹಾದ ಲೋಟ ಇಡುತ್ತ.

"ಕೇಳಲಿಕ್ಕೆ ಬರೂದಿಲ್ಲ. ಗ್ರಂಥಾಲಯದ ಕೀಲಿ ಕೊಟ್ಟು ಬರ್ತೇನಿ. ಬಂದ್ ಮಾಡೂದೇ ಛಲೋ."

"ಜನ್ಮ ಪೂರ್ತಿ ಒಂದು ಹಾಳಿ ಯಾರಿಗೂ ಮುಟ್ಟಗೊಡಲಿಲ್ಲ. ಕೊಡೋ ಹೊತ್ತು ಬಂದಾಗ ಒಮ್ಮೆಲೇ ದಾನ ಮಾಡಿ ಕೂತ್ರಿ. ನಡುವೊಂದು ದಾರಿ ಇರತದ ಅನ್ನೂದು ನಿಮಗ ಗೊತ್ತೇ ಇಲ್ಲ."

ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಂಚೆ ಕಚೇರಿಯ ನೌಕರಿಯ ಉದ್ದಕ್ಕೂ ಅವರು ಕಲಬುರಗಿಯ ರೋಜಾ ಬಡಾವಣೆಯ ರದ್ದಿ ಅಂಗಡಿಗಳಲ್ಲಿ ಕೂತು ಪುಸ್ತಕ ಹೆಕ್ಕಿದವರು. ಮನೆಯಲ್ಲಿ ಕಾಲಿಡಲು ಜಾಗ ಉಳಿಯದಾದ ಮೇಲೆ, ತಾಯಿಯ ತವರಾದ ಕಮಲಾಪುರದಲ್ಲಿ ಪುಕ್ಕಟೆ ಗ್ರಂಥಾಲಯ ತೆರೆದರು. ಅಲ್ಲಿನ ರೈತ ಅಂಬಣ್ಣ, ಕೆಂಪು ಬಾಳೆಗೊನೆ ಹಣ್ಣಿಗೆ ಹಾಕುತ್ತಿದ್ದ ಕೋಣೆಯನ್ನು ಬಿಟ್ಟುಕೊಟ್ಟಿದ್ದ. ಸಂಕ್ರಾಂತಿಯ ಮರುದಿನ ಪೂಜೆ ಆಯಿತು. ಬಂದವರಿಗೆ ಓದಲೆಂದು ಒಂದೊಂದು ಪುಸ್ತಕ ಎತ್ತಿ ಕೊಡುವಾಗ ಆಚಾರ್ಯರ ಕೈ ತಾನಾಗಿಯೇ ಒಂದು ತುಳಸಿದಳವನ್ನು ಅದರ ಮೇಲಿಟ್ಟಿತು. ಬಾಯಿ "ಕೃಷ್ಣಾರ್ಪಣ" ಎಂದಿತು. ತಂದೆ, ಅಜ್ಜ ಯಾರಿಗೇನು ಕೊಟ್ಟರೂ ಹಾಗೆಯೇ ಕೊಡುತ್ತಿದ್ದರು. ಜನ ಎರಡೂ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಹೋದರು.

ಒಬ್ಬರೂ ತಿರುಗಿ ತರಲಿಲ್ಲ. ಪೂಜೆಯಲ್ಲಿ ಕೈಗೆ ಬಂದದ್ದನ್ನು ಯಾರಾದರೂ ತಿರುಗಿ ತರುತ್ತಾರೆಯೇ? ಕೇಳೋಣವೆಂದರೆ ಆಚಾರ್ಯರಿಗೆ ನಾಲಿಗೆ ಏಳಲಿಲ್ಲ. ತುಳಸಿ ಇಟ್ಟು ಕೊಟ್ಟದ್ದು ದೇವರಿಗೆ ಸಂದ ಹಾಗೆ. ಕಪಾಟುಗಳಲ್ಲಿ ಉಳಿದದ್ದು ಹಳೆಯ ಪಂಚಾಂಗಗಳು, ಬೆನ್ನು ಕಿತ್ತುಹೋದ ನಿಘಂಟುಗಳು. ದಿನವೂ ಬಸ್ಸು ಹತ್ತಿ ಬಂದು, ಬಾಗಿಲು ತೆರೆದು, ಸಂಜೆಗೆ ಮುಚ್ಚಿ ಹೋಗುವುದಷ್ಟೇ ಅವರ ಪಾಲಿಗೆ ಉಳಿದಿತ್ತು.

ಕಮಲಾಪುರದಲ್ಲಿ ಇಳಿದಾಗ ಡಾಂಬರು ಕಾದಿತ್ತು. ಅಂಬಣ್ಣ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಶಿವಕಾಂತಮ್ಮ ತಂಬಿಗೆಯಲ್ಲಿ ನೀರು ತಂದಿಟ್ಟಳು. ನೀರೆತ್ತುವಾಗ ಆಚಾರ್ಯರ ಕಣ್ಣು ದೇವರ ಜಗಲಿಯ ಕಡೆ ಹೋಯಿತು. ಅಲ್ಲಿ ಬಸವಣ್ಣನ ಪಟದ ಪಕ್ಕ, ರಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಹಚ್ಚಿಸಿಕೊಂಡು, ತಾವೇ ಕೊಟ್ಟ ಒಂದು ತೆಳ್ಳನೆಯ ಪುಸ್ತಕ ನಿಂತಿತ್ತು. ಎದುರಿಗೆ ಊದಬತ್ತಿಯ ಬೂದಿ.

"ಓದಿದ್ಯೇನವಾ ಅದನ್ನ?"

"ಅಯ್ಯ, ದೇವರ ಪುಸ್ತಕ ರೀ. ಮೈಲಿಗಿ ಕೈಲೆ ಮುಟ್ಟಲಾಕ ಬರ್ತದೇನ್ರಿ?"

"ಅದು ದನದ ರೋಗದ ಪುಸ್ತಕ, ತಾಯಿ."

ಶಿವಕಾಂತಮ್ಮ ಜಗಲಿಯನ್ನೂ ಅವರನ್ನೂ ನೋಡಿದಳು. "ಅಂದ್ರ ಇಷ್ಟು ದಿನ ನಾ ಎಮ್ಮೀ ಕಾಲುಬ್ಯಾನಿಗೆ ಊದಬತ್ತಿ ಬೆಳಗಾಕತ್ತೀನೇನ್ರಿ ಆಚಾರ್ರ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಚಾರ್ಯರಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಅದೂ ಆಯಾಸವನ್ನೇ ಹೆಚ್ಚಿಸಿತು.

ಆಕೆ ಪುಸ್ತಕ ಇಳಿಸಿಕೊಂಡಳು. "ಖರೇ ಹೇಳ್ರಿ. ಇದು ನನಗ ಕೊಟ್ಟಿದ್ದೋ, ಓದಿ ತಿರುಗಿ ಕೊಡಲಾಕ ಕೊಟ್ಟಿದ್ದೋ?"

ಹತ್ತು ವರ್ಷ ಹುಡುಕಿ ತಂದ ಪುಸ್ತಕ ಕೈಯಳತೆಯಲ್ಲಿತ್ತು. ಒಂದು ಮಾತು ಅಂದರೆ ಸಾಕಿತ್ತು. ಇದೊಂದು ಬಂದರೆ ಉಳಿದವೂ ಬಂದಾವು.

"ಮನಸಿನ್ಯಾಗ ಓದಲಿಕ್ಕಂತನೇ ಇತ್ತು," ಎಂದರು ನಿಧಾನವಾಗಿ. "ಕೈ ದಾನ ಮಾಡಿಬಿಟ್ಟದ. ಅದು ನಿನ್ನದು."

"ಹಂಗಾರ ನಂದೇ ಆತು," ಎಂದಳು ಆಕೆ.

ಆಚಾರ್ಯರು ಕೀಲಿ ಮುಂದೆ ಹಿಡಿದರು. "ಅಂಬಣ್ಣಗ ಕೊಡವಾ. ನಾಳಿಂದ ಬರೂದಿಲ್ಲ."

"ನನ್ನ ಕೈಯಾಗ ಬ್ಯಾಡ್ರಿ. ಕೋಣಿ ಕೊಟ್ಟವರು ಅವರು. ಸಂಜಿಗೆ ತೋಟದಿಂದ ಬರ್ತಾರ, ಕೂಡ್ರಿ."

ಅವರು ಪಕ್ಕದ ಗ್ರಂಥಾಲಯಕ್ಕೆ ಹೋಗಿ ಕುರ್ಚಿಯಲ್ಲಿ ಕುಳಿತರು. ಗೋಡೆಗಳಲ್ಲಿ ಇನ್ನೂ ಬಾಳೆಹಣ್ಣಿನ ವಾಸನೆ ಇತ್ತು. ಗೋಡೆಯಾಚೆ ಶಿವಕಾಂತಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು: ಗೊರಸು, ಬಾವು, ಬೇವಿನೆಣ್ಣೆ. ಒಂದು ಸಾಲಿನಲ್ಲಿ ತಡವರಿಸಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿದ್ದಳು. ಕೃಷ್ಣಾ, ಇಷ್ಟು ಕೇಳಿಸಿದೆಯಲ್ಲ, ಸಾಕು ಅಂದುಕೊಂಡು ಆಚಾರ್ಯರು ಕಣ್ಣು ಮುಚ್ಚಿದರು.

ನೆರಳು ಬಾಗಿಲಿಗೆ ಬಂದಾಗ ಎಚ್ಚರವಾಯಿತು. ಆಕೆ ಹೊಸ್ತಿಲಲ್ಲಿ ನಿಂತಿದ್ದಳು.

"ಓದಿ ಮುಗಿಸೀನ್ರಿ. ನನ್ನ ಎಮ್ಮಿಗಿ ಏನೂ ಆಗಿಲ್ಲ. ಬಾಜೂಮನಿ ಮೆಹಬೂಬಿ ಎಮ್ಮಿ ನಾಕು ದಿನದಿಂದ ಕುಂಟಾಕತ್ತದ. ಆಕಿಗೆ ಹೇಳೀನಿ, ನಾಳಿಗಿ ಇಲ್ಲಿ ಬಂದು ಈ ಪುಸ್ತಕ ಒಯ್ಯತಾಳ."

ಆಚಾರ್ಯರು ಕೈಯಲ್ಲಿದ್ದ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದು ನಿಂತರು. ಶಿವಕಾಂತಮ್ಮ ರಟ್ಟಿನ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿ, ಪುಸ್ತಕವನ್ನು ಅವರ ಕೈಗೆ ಕೊಟ್ಟು, ಹಾಲು ಹಿಂಡಲು ಹೋದಳು.