ಮುಖದ ಅಳತೆ

"ಬ್ರೇಕ್ ಸ್ವಲ್ಪ ಮುಂಚೇನೇ ಒತ್ತಿ ಸಾರ್, ಮುಂದೆ ಇಳಿಜಾರೈತೆ," ಎಂದರು ಅನಂತರಾಜು.

ರಿಯಾಜ್‌ನ ಕೈಗಳು ಜಕ್ಕೂರಿನ ಅವರ ಮನೆಯಲ್ಲೇ ಇದ್ದ ಗೇಮಿಂಗ್ ಸಾಮಾನಿನ ಅಂಗಡಿಯಲ್ಲಿ, ಮೇಜಿಗೆ ಬಿಗಿದ ಸ್ಟಿಯರಿಂಗಿನ ಮೇಲಿದ್ದವು. ಕಣ್ಣುಗಳು ಮಾತ್ರ ಎಲ್ಲೋ ದೂರದ ರೇಸ್ ಟ್ರ್ಯಾಕಿನಲ್ಲಿದ್ದವು. ಕಣ್ಣಿಗೆ ಕಟ್ಟಿಕೊಂಡ ವಿಆರ್ ಹೆಡ್‌ಸೆಟ್ಟಿನ ಭಾರಕ್ಕೆ ಅವನ ಕತ್ತು ತುಸು ಮುಂದಕ್ಕೆ ಬಾಗಿತ್ತು. ಅವನಿಗೆ ಕಾಣುತ್ತಿದ್ದುದನ್ನೇ ಅಫ್ರೀನ್ ಗೋಡೆಯ ಬಳಿ ಕುಳಿತು ಮಾನಿಟರಿನಲ್ಲಿ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಅವಳ ಭಾನುವಾರಗಳು ಹೀಗೆಯೇ ಕಳೆದಿದ್ದವು: ಗಂಗಾನಗರದ ಮನೆಯಲ್ಲಿ ಮಂಚದ ತುದಿಗೆ ಕುಳಿತು, ಟೀಮಿನವರೊಡನೆ ಆನ್‌ಲೈನ್ ರೇಸ್ ಓಡಿಸುವ ಗಂಡನ ಬೆನ್ನನ್ನು ನೋಡುವುದು.

"ಕತ್ತು ನೋಯ್ತಿದೆ," ಎಂದು ರಿಯಾಜ್ ಹೆಡ್‌ಸೆಟ್ ಕಳಚಿದ.

"ಅಂಗಾದ್ರೆ ಇದ್ನ ನೋಡಿ." ಅನಂತರಾಜು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಇನ್ನೊಂದನ್ನು ತೆಗೆದರು. "ಆ ದೊಡ್ಡದ್ರಲ್ಲಿ ಈ ತಿರುಪು ತಿರುಗ್ಸಿದ್ರೆ ಯಾರ ಕಣ್ಣಿಗಾದ್ರೂ ಒಂದ್ತದೆ. ಇದು ಅಂಗಲ್ಲ. ಒಬ್ರ ಮುಖದ ಅಳತೆ ತಗೊಂಡು ಅವ್ರಿಗೇ ಅಂತ ಮಾಡೋದು. ಇದು ನಮ್ಮನೆಯವ್ರ ಅಳತೆದು."

"ಇವ್ರು ಹಾಕ್ಕೊಂಡ್ರೆ ವಾಂತಿ ಬತ್ತದೆ, ಅದ್ಕೇ ನಂಗೆ ಬಿಟ್ಟವ್ರೆ," ಎನ್ನುತ್ತ ಅವರ ಹೆಂಡತಿ ರಾಧಾಮಣಿ ಕಾಫಿ ತಂದಿಟ್ಟರು. "ಇಲ್ದಿದ್ರೆ ಬಿಟ್ಕೊಡೋ ಮನುಷ್ಯನಾ?"

ಅದನ್ನು ಧರಿಸಿದ ರಿಯಾಜ್‌ಗೆ ಎಲ್ಲವೂ ಎರಡೆರಡಾಗಿ ಕಂಡಿತು. ಆದರೂ ಆ ಚಿತ್ರದ ಸ್ಪಷ್ಟತೆಗೆ ಅವನು ಸೋತುಹೋದ. ತೂಕವೇ ತಿಳಿಯುತ್ತಿರಲಿಲ್ಲ. "ನನ್ ಅಳತೆಗೆ ಮಾಡ್ಸಿದ್ರೆ ಇದೇ ಬೆಸ್ಟು," ಎಂದವನು ವಿವರ ಕೇಳಲು ಅನಂತರಾಜುವಿನೊಡನೆ ಮುಂದಿನ ಕೋಣೆಗೆ ನಡೆದ.

"ಬಾಮ್ಮ, ನೀನೂ ಒಂದ್ಸಲ ಹಾಕ್ಕೋ," ಎಂದರು ರಾಧಾಮಣಿ. "ನಿನ್ ಮುಖಾನೂ ನನ್ನಂಗೇ ಚಿಕ್ದು."

ಅಫ್ರೀನ್ ಗಂಡ ಬಿಟ್ಟೆದ್ದ ಸೀಟಿನಲ್ಲಿ ಕುಳಿತು, ದುಪಟ್ಟಾದ ಮೇಲೆಯೇ ಪಟ್ಟಿ ಬಿಗಿದುಕೊಂಡಳು. ಗೋಡೆ ಇಲ್ಲವಾಯಿತು. ಮಂಜು ಕರಗುತ್ತಿದ್ದ ಬೆಳಗೊಂದು ಅವಳ ಸುತ್ತ ತೆರೆದುಕೊಂಡಿತು. ಕಾಲಿನಡಿಯ ಪೆಡಲನ್ನು ಅವಳು ಮೆಲ್ಲನೆ ಒತ್ತಿದಳು. ರಸ್ತೆ ತಾನಾಗಿ ಅವಳೊಳಗೆ ಬಂದು ಸೇರುತ್ತಿರುವಂತೆ ಅನ್ನಿಸಿತು. ತಲೆಯೆತ್ತಿದರೆ ಆಕಾಶವಿತ್ತು. ತಿರುವಿನಲ್ಲಿ ಮರಗಳು ನಿಧಾನವಾಗಿ ಬಾಗಿ, ದಾರಿ ಬಿಟ್ಟು, ಹಿಂದೆ ಸರಿದವು. ಅವಸರಿಸುವವರು ಯಾರೂ ಇರಲಿಲ್ಲ. ಇಷ್ಟು ದೊಡ್ಡ ಜಾಗದಲ್ಲಿ ತಾನೊಬ್ಬಳೇ ಹಿಂದೆಂದೂ ಇದ್ದುದಿಲ್ಲವೆಂಬುದು ಅವಳಿಗೆ ಆಶ್ಚರ್ಯದಂತೆ ಹೊಳೆಯಿತು.

"ಚಕ್ಕರ್ ಆಯಾ ಕ್ಯಾ?" ರಿಯಾಜ್ ಮರಳಿ ಬಂದು ನಗುತ್ತ ಕೇಳಿದ. ತಲೆ ಸುತ್ತಲಿಲ್ಲವೆಂದು ಅವಳು ಸನ್ನೆ ಮಾಡಿ ಎದ್ದು ನಿಂತಳು.

ಅವನು ಅದೇ ಸೀಟಿನಲ್ಲಿ ನೇರವಾಗಿ ಕುಳಿತ. ಅಳತೆ ತೆಗೆಯಲು ಅನಂತರಾಜು ಫೋನನ್ನು ಅವನ ಮುಖಕ್ಕೆ ಹಿಡಿದರು. "ಅಲ್ಲಾಡ್ಬೇಡಿ ಸಾರ್. ಒಂದ್ಸಲ ಅಳತೆ ಕಂಪ್ನಿಗೆ ಹೋಯ್ತು ಅಂದ್ರೆ ಮುಗೀತು, ಆಮೇಲೆ ಬದಲಾಯ್ಸಕ್ಕಾಗಲ್ಲ."

"ಒಂದ್ನಿಮಿಷ ಅಣ್ಣ," ಎಂದಳು ಅಫ್ರೀನ್. "ಅಳತೆ ತಗೋಬೇಡಿ."

ಗಂಡನೊಡನೆ ಅವಳು ಮನೆಮಾತಲ್ಲದೆ ಬೇರೆ ಭಾಷೆಯಲ್ಲಿ ಮಾತಾಡಿದವಳಲ್ಲ. ಆ ಮಾತಿನಲ್ಲಿ ಹೇಳಿದರೆ ಅವನು ನಕ್ಕು ಕೆನ್ನೆ ತಟ್ಟುತ್ತಾನೆ. ಮಾತು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಅವಳು ಅವನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಹೇಳಿದಳು: "ಅದು ನಿಮ್ಗೊಬ್ರಿಗೇ ಆಗೋದು. ನಾನೂ ಓಡಿಸ್ಬೇಕು."

ರಿಯಾಜ್‌ನ ಕಿವಿ ಕೆಂಪಾಯಿತು. "ಘರ್ ಜಾಕೆ ಬಾತಾಂ ಕರೇಂಗೆ," ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ಮನೇಲಿ ಬೇಡ. ಇಲ್ಲೇ ಮಾತಾಡೋಣ."

"ನಿಂಗೆ ಕಾರೇ ಬರಲ್ವಲ್ಲ," ಎಂದ, ಈಗ ಅವನೂ ಕನ್ನಡದಲ್ಲಿ.

"ಇವ್ರಿಗೂ ಟ್ರ್ಯಾಕ್ಟರ್ ಬಿಟ್ರೆ ಏನೂ ಬತ್ತಿರ್ಲಿಲ್ಲ, ಕೇಳಿ," ಎಂದರು ರಾಧಾಮಣಿ.

"ನೀನ್ ಸುಮ್ಕಿರೇ," ಎಂದ ಅನಂತರಾಜು ಫೋನನ್ನು ಮಾತ್ರ ಕೆಳಗಿಳಿಸಿದರು.

"ತಿರುಪಿರೋದನ್ನ ತಗೊಂಡ್ರೆ ರೇಸ್ ಪೂರ್ತಿ ಆ ಭಾರ ಹೊತ್ಕೊಂಡು ಕೂರ್ಬೇಕು ಅಫ್ರೀನ್."

"ಗೊತ್ತು. ಕತ್ತು ನೋಯತ್ತೆ," ಎಂದಳು.

ಹತ್ತಿರದ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಮನೆಯ ಮೇಲೆ ಹಾದುಹೋಯಿತು. ಅದರ ಸದ್ದು ಕೆರೆಯ ಕಡೆಗೆ ಕರಗುವವರೆಗೆ ರಿಯಾಜ್ ಸ್ಟಿಯರಿಂಗನ್ನೇ ನೋಡುತ್ತಿದ್ದ. ಆಮೇಲೆ ಎದ್ದು, ಭಾರದ ಹೆಡ್‌ಸೆಟ್ಟನ್ನು ಎತ್ತಿಕೊಂಡು, "ಕೂತ್ಕೋ," ಎಂದ.

ಅವಳು ಕುಳಿತಳು. ದುಪಟ್ಟಾದ ಅಂಚು ಸಿಕ್ಕಿಕೊಳ್ಳದಂತೆ ಬೆರಳಿನಿಂದ ಸರಿಸಿ ಅವನು ಪಟ್ಟಿ ಬಿಗಿದ. ಬಗ್ಗಿ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸತೊಡಗಿದ.

"ಎರಡಾಗಿ ಕಾಣ್ತಿದ್ಯಾ?"

"ಇನ್ನೂ ಸ್ವಲ್ಪ... ಹಾಂ. ಸಾಕು."

ಕೈ ತೆಗೆದು ಅವನು ಗೋಡೆಯ ಬಳಿ ಹೋಗಿ ಕುಳಿತ. ಮಾನಿಟರಿನಲ್ಲಿ ರಸ್ತೆ ಚಲಿಸತೊಡಗಿತು. ಮೊದಲ ತಿರುವು ದಾಟಿದ ಮೇಲೆ ಚಿತ್ರ ಮೆಲ್ಲನೆ ಪಕ್ಕಕ್ಕೆ ಹೊರಳಿತು. ಅವಳು ತಲೆ ತಿರುಗಿಸಿ, ಅವನು ಕೂರಬಹುದಾಗಿದ್ದ ಪಕ್ಕದ ಜಾಗವನ್ನು ನೋಡುತ್ತಿದ್ದಳು. ರೇಸ್ ಕಾರಿನಲ್ಲಿ ಎರಡನೆಯ ಸೀಟು ಇರುವುದಿಲ್ಲ. ಅಲ್ಲಿದ್ದುದು ಬರಿಯ ತಗಡಿನ ನೆಲ, ಅಡ್ಡ ಹಾಯ್ದ ಕಬ್ಬಿಣದ ಕೊಳವೆಗಳು. ಮರಗಳ ಸಂದಿಯಿಂದ ಬಿದ್ದ ಬಿಸಿಲು ಅವುಗಳ ಮೇಲೆ ಜಾರಿ, ಆರಿ, ಮತ್ತೆ ಬಂದು ಕೂರುತ್ತಿತ್ತು.