ಬ್ರೇಕ್ ಒತ್ತುವ ಮೊದಲು

ಆ ಬಸ್ ಡ್ರೈವರಿಗೆ ಸಿಟ್ಟು ಬರುವುದಕ್ಕೆ ಮೊದಲು ಒಂದು ಮಾತು ಬರುತ್ತಿತ್ತು: "ಹಿಡ್ಕೊಳ್ಳಿ!" ಬ್ರೇಕ್ ಒತ್ತುವ ಮುಂಚೆ ನಿಂತ ಪ್ರಯಾಣಿಕರಿಗೆ ಕೂಗಿ ಕೂಗಿ ನಾಲಿಗೆಗೆ ಅಂಟಿಕೊಂಡ ಆ ಮಾತು ಅವನ ಜೊತೆಯಲ್ಲೇ ಮನೆಗೂ ಬಂದು, ಅಡುಗೆಮನೆಯ ಬಾಗಿಲಲ್ಲಿ, ಬಚ್ಚಲಿನ ಮುಂದೆ, ಒಮ್ಮೆ ಹೆಂಡತಿಯ ಅಣ್ಣನ ಜೊತೆ ವಾದಕ್ಕೆ ಬಿದ್ದಾಗಲೂ ಸಿಡಿದಿತ್ತು. ಕೇಳಿದ ಕೂಡಲೇ ಹೆಂಡತಿ ಒಲೆ ಆರಿಸುತ್ತಿದ್ದಳು, ಮಗಳು ಪುಸ್ತಕ ಮಡಚುತ್ತಿದ್ದಳು, ಆಮೇಲೆ ಗುಡುಗು. ಸಿಟ್ಟಿಗೆ ಮುನ್ಸೂಚನೆ ಕೊಡುವ ಸೌಜನ್ಯ ಎಷ್ಟು ಜನಕ್ಕಿದೆ ಹೇಳಿ!

ನೆಲವೇ ಅಲುಗಾಡುತ್ತಿದೆಯೇನೋ ಎಂಬಂತೆ ಕಾಲು ಅಗಲಿಸಿ ನಡೆಯುತ್ತಿದ್ದ. ಕಿಟಕಿಯ ಅಂಚಿಗೆ ಉಜ್ಜಿ ಉಜ್ಜಿ ಸವೆದ ಕೋಟಿನ ಮೊಣಕೈಗೆ ತೇಪೆಯ ಮೇಲೆ ತೇಪೆ ಬಿದ್ದಿತ್ತು. ಹೊಸ ಕೋಟು ಕೊಟ್ಟರೆ "ಇದಿನ್ನೂ ಓಡುತ್ತೆ" ಎನ್ನುತ್ತಿದ್ದ. ಎಲ್ಲಕ್ಕಿಂತ ವಿಚಿತ್ರವೆಂದರೆ ಅವನು ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಊಟಕ್ಕೆ ಕೂತರೂ ಕೋಣೆಗೆ ಬೆನ್ನು ಹಾಕಿ, ಗೋಡೆಯ ಮೇಲಿನ ಕ್ಷೌರದ ಕನ್ನಡಿಯಲ್ಲಿ ಹೆಂಡತಿ ಮಗಳನ್ನು ಗಮನಿಸುತ್ತಿದ್ದ. ಹಿಂದಿರುವವರು ಕನ್ನಡಿಯಲ್ಲಿ ಕಾಣಿಸಿದರೆ ಸಾಕು, ಅವರ ಅಂತರಂಗವೂ ಕಂಡಂತೆಯೇ ಎಂಬುದು ಅವನ ದೃಢವಾದ ನಂಬಿಕೆ.

ಶಾಲೆಯ ಕೊನೆಯ ವರ್ಷದಲ್ಲಿದ್ದ ಮಗಳು ಅವನ ಬಸ್ಸಿನಲ್ಲೇ ಹೋಗುತ್ತಿದ್ದಳು. ಕೆಲವು ಕಾಲದಿಂದ ಅವಳ ವರಸೆ ಬದಲಾಗಿತ್ತು. ಬಚ್ಚಲಿಗೂ ಫೋನು, ಈಗ ಅರಳಿದ ಮುಖ ಇನ್ನೊಂದು ಕ್ಷಣಕ್ಕೆ ಬಾಡುತ್ತಿತ್ತು, ಊಟಕ್ಕೆ ಕರೆದರೆ ಸಿಡುಕು. ಮೊಳೆಗೆ ನೇತುಹಾಕುತ್ತಿದ್ದ ಬ್ಯಾಡ್ಮಿಂಟನ್ ರಾಕೆಟ್ ಕಾಣದೆ ಕೇಳಿದರೆ "ಫ್ರೆಂಡ್ ತಗೊಂಡಿದಾಳೆ" ಎಂದಳು. ಡ್ರೈವರ್ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ, ತೀರ್ಮಾನಿಸಿಯೂ ಬಿಟ್ಟ: ಯಾವನೋ ಹುಡುಗ. ಬಸ್ಸಿನಲ್ಲಿ ಅವಳ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದವನು ದಪ್ಪ ಕನ್ನಡಕದ ಒಬ್ಬ ಪಾಪದ ಹುಡುಗ ಮಾತ್ರ. ಅಂದಿನಿಂದ ಅವನ ಸ್ಟಾಪಿನಲ್ಲಿ ಬಸ್ಸು ಸರಿಯಾದ ಜಾಗದಲ್ಲಿ ನಿಲ್ಲುವುದೇ ನಿಂತುಹೋಯಿತು; ಪ್ರೇಮದ ಗಂಧವೂ ತಿಳಿಯದ ಆ ಜೀವ ದಿನವೂ ಕೆಸರಿಗೇ ಇಳಿಯಿತು.

ಕಂಡಕ್ಟರಮ್ಮನಿಗೆ ನೋಡಿ ನೋಡಿ ಸಾಕಾಯಿತು. "ಅಣ್ಣಾ, ಆ ಮಗು ಶೂ ಮೇಲೆ ನಿಮಗೇನು ಹಗೆ? ಪ್ರೀತಿ ಮಾಡೋರನ್ನ ಈ ಬಸ್ಸಲ್ಲಿ ನಾನೆಷ್ಟು ನೋಡಿಲ್ಲ! ಒಂದ್ಸಲನಾದ್ರೂ ಕಿಟಕಿಯಿಂದಾಚೆ ನೋಡಿ ನಗ್ತಾರೆ. ನಿಮ್ಮ ಮಗಳು ನಗೋದೂ ಫೋನಿಗೆ, ಅಳೋದೂ ಫೋನಿಗೆ."

"ಟಿಕೆಟ್ ಹರಿ ನೀನು," ಎಂದು ಗದರಿದನೇನೋ ನಿಜ, ಆದರೆ ಅವಳ ಮಾತು ಗಿಯರಿನ ಹತ್ತಿರ ಎಲ್ಲೋ ಸಿಕ್ಕಿಕೊಂಡು ಕಿರುಗುಟ್ಟತೊಡಗಿತು.

ಒಂದು ಬೆಳಿಗ್ಗೆ ಶಾಲೆಯ ಸ್ಟಾಪ್ ಬಂತು, ಹೋಯಿತು. ಮಗಳು ಇಳಿಯಲಿಲ್ಲ. ಅಪ್ಪನೇ ಓಡಿಸುವ ಬಸ್ಸಿನಲ್ಲಿ ಸ್ಟಾಪ್ ತಪ್ಪಿಸಿಕೊಂಡವಳನ್ನು ಡ್ರೈವರ್ ಕನ್ನಡಿಯಲ್ಲಿ ದಿಟ್ಟಿಸಿದ. ವರ್ಷಗಳ ಹಿಂದೆ ಅದೇ ಬಸ್ಸಿನಲ್ಲಿ ಇಸ್ಪೀಟ್ ಕ್ಲಬ್ಬಿನಿಂದ ಹತ್ತುತ್ತಿದ್ದ ಒಬ್ಬನಿದ್ದ. ಜೋಕರ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಗೆದ್ದ ದಿನ ಚಿಲ್ಲರೆ ಬೇಡವೆನ್ನುವನು, ಸೋತ ದಿನ ಹರಕು ನೋಟಿಗಾಗಿ ಕಾಳಗಕ್ಕೆ ನಿಲ್ಲುವನು. ಎರಡೂ ದಿನ ಇಳಿಯಬೇಕಾದ ಕಡೆ ಮಾತ್ರ ಇಳಿಯುತ್ತಿರಲಿಲ್ಲ. "ಇನ್ನೊಂದೇ ಆಟ, ಎಲ್ಲ ವಾಪಸ್ ಬರುತ್ತೆ" ಎನ್ನುತ್ತ, ಕೈಯಲ್ಲಿಲ್ಲದ ಎಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಈಗ ಕನ್ನಡಿಯಲ್ಲಿ ಅದೇ ಹೆಬ್ಬೆರಳು, ಮಗಳ ಕೈಯಲ್ಲಿ, ಫೋನಿನ ಗಾಜಿನ ಮೇಲೆ.

"ಹಿಡ್ಕೊಳ್ಳಿ!"

ಬಸ್ಸು ನಡುರಸ್ತೆಯಲ್ಲಿ ನಿಂತಿತು. ದಾಪುಗಾಲಿಟ್ಟು ಹಿಂದೆ ಹೋಗಿ ಫೋನು ಕಿತ್ತುಕೊಂಡ. ಹಸಿರು ಕೆಂಪು ಗೆರೆಗಳು ಅವನ ಅಂಗೈಯಲ್ಲಿ ಕುಣಿಯುತ್ತಿದ್ದವು.

"ಏನೇ ಇದು?"

"ಕ್ರಿಪ್ಟೊ ಕಾಯಿನ್. ಇನ್ವೆಸ್ಟ್‌ಮೆಂಟ್ ಅಪ್ಪಾ. ನಿಂಗೆ ಅರ್ಥ ಆಗಲ್ಲ."

"ಜೂಜು ಅನ್ನು! ಅದು ಚೆನ್ನಾಗೇ ಅರ್ಥ ಆಗುತ್ತೆ!"

ಮುಂದೆ ಅವನು ಕೂಗಿದ್ದನ್ನು ಇಡೀ ಬಸ್ಸು ಕೇಳಿಸಿಕೊಂಡಿತು. ಮಗಳು ಇಳಿದು ನಡೆದೇ ಹೋದಳು. ಮರುದಿನದಿಂದ ಬೇರೆ ಬಸ್ಸು, ಮನೆಯಲ್ಲಿ ಮುಚ್ಚಿದ ಬಾಗಿಲು. ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು ಗೆದ್ದೆನೆಂದು ಬೀಗಿದ; ಅವಳು ಗೆಳತಿಯ ಫೋನಿನಲ್ಲಿ ಆಡಿದಳು. ಆಮೇಲೆ ಒಂದೊಂದೇ ಬಯಲಾಯಿತು: ರಾಕೆಟ್ ಮಾರಾಟವಾಗಿತ್ತು. ಹದಿನೆಂಟು ತುಂಬದವರಿಗೆ ಖಾತೆ ಕೊಡುವುದಿಲ್ಲವೆಂದು ಅಮ್ಮನ ಗುರುತಿನ ಚೀಟಿಯಲ್ಲೇ ಖಾತೆ ತೆರೆದಿದ್ದಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಆ ತಾಯಿ ಕೂಡಿಟ್ಟದ್ದೂ ಅದರಲ್ಲಿ ಕರಗಿತ್ತು.

ಡ್ರೈವರ್ ಮತ್ತೆ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ರೀ, ಸುಮ್ಮನಿರಿ. ದುಡ್ಡು ನಂದು ಹೋಗಿರೋದು, ಸಿಟ್ಟು ನನಗೂ ಇದೆ. ನೀವು ಗಕ್ಕನೆ ಬ್ರೇಕ್ ಹಾಕಿದ್ರೆ ಬೀಳೋರು ನಿಂತಿರೋರು. ನೀವಂತೂ ಸೀಟಲ್ಲಿ ಗಟ್ಟಿಯಾಗಿ ಕೂತಿರ್ತೀರಿ. ನಾಳೆ ಅವಳು ಯಾರ ಹತ್ರ ಹೇಳ್ಕೋಬೇಕು?"

ಡ್ರೈವರ್ ರಜೆಯ ದಿನ ಮಗಳ ಬಾಗಿಲು ತಟ್ಟಿ, "ಬಾ ಪುಟ್ಟೀ, ಕೊನೇ ಸ್ಟಾಪ್‌ವರೆಗೆ ಹೋಗ್ಬರೋಣ," ಎಂದ. ಬೇರೆಯವನು ಓಡಿಸುವ ಬಸ್ಸು. ಮಗಳ ಪಕ್ಕದಲ್ಲಿ ಪ್ರಯಾಣಿಕನಾಗಿ ಕೂತ ಡ್ರೈವರಿನ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಗಳಿಗೆ ನಗು ತಡೆಯಲಾಗಲಿಲ್ಲ.

"ಅದೇನೋ ಕಾಯಿನ್ನು, ನನಗೂ ಹೇಳ್ಕೊಡು," ಎಂದ.

ಅವಳು ಹೇಳಿದಳು: ಮೊದಮೊದಲು ಗೆದ್ದದ್ದು, ಏರುತ್ತದೋ ಇಳಿಯುತ್ತದೋ ಎಂದು ಕಟ್ಟುತ್ತಾ ಹೋದದ್ದು, ಸೋತದ್ದನ್ನು ತುಂಬಲು ಮತ್ತೆ ಕಟ್ಟಿದ್ದು. ಅವನು ನಡುವೆ ಬಾಯಿ ಹಾಕಲಿಲ್ಲ. ಕಂಬಿ ಹಿಡಿದ ಕೈಯ ಗೆಣ್ಣುಗಳು ಮಾತ್ರ ಬಿಳಿಚಿದವು.

"ನಿಲ್ಸೋಕೆ ಆಗ್ತಿಲ್ಲ ಅಪ್ಪಾ. ಇನ್ನೊಂದ್ಸಲ ಏರಿದ್ರೆ ಎಲ್ಲ ವಾಪಸ್ ಬರುತ್ತೆ ಅನ್ಸುತ್ತೆ."

"ಇದೇ ಮಾತನ್ನ ನಾನು ಇನ್ನೊಬ್ಬನ ಬಾಯಲ್ಲಿ ವರ್ಷಗಟ್ಟಲೆ ಕೇಳಿದೀನಿ," ಎಂದ ಡ್ರೈವರ್. "ನೀನು ದಡ್ಡಿ ಅಲ್ಲ. ಸಿಕ್ಕಾಕ್ಕೊಂಡಿದೀಯ."

ತಾಯಿ ಮಗಳು ಕೂತು ಆ ಖಾತೆಯನ್ನು ಮುಚ್ಚಿದರು. ಆಸ್ಪತ್ರೆಯ ಆಪ್ತಸಮಾಲೋಚಕಿಯ ಬಳಿಗೆ ಮೂವರೂ ಹೋದರು. ಈ ಚಟ ಒಂದೇಟಿಗೆ ಬಿಡುವುದಿಲ್ಲ, ಮತ್ತೆ ಜಾರಿದ ದಿನ ಮಗಳು ತಾನಾಗಿ ಬಂದು ಹೇಳುವಂತಾಗಬೇಕು, ಹೇಳಿದಾಗ ಕೂಗಬೇಡಿ ಎಂದು ಆಕೆ ವಿಧಿಸಿದಳು. ಡ್ರೈವರಿನ ಜನ್ಮದಲ್ಲೇ ಅಷ್ಟು ಕಹಿಯಾದ ಔಷಧಿಯನ್ನು ಯಾರೂ ಕೊಟ್ಟಿರಲಿಲ್ಲ.

ಮಗಳು ಮತ್ತೆ ಅವನ ಬಸ್ಸು ಹತ್ತತೊಡಗಿದಳು. ಕನ್ನಡಕದ ಹುಡುಗ ಒಣನೆಲ ಕಂಡ. ಹೀಗಿರುವಾಗ ಒಂದು ಸಂಜೆ, ತುಂಬಿದ ಬಸ್ಸಿನಲ್ಲಿ ಮಗಳು ಜನರ ನಡುವೆ ನುಸುಳಿ ಮುಂದೆ ಬಂದು, ಅವನ ಸೀಟಿನ ಹಿಂದಿನ ಕಂಬಿ ಹಿಡಿದು, "ಅಪ್ಪಾ, ಇವತ್ತು ಫ್ರೆಂಡ್ ಫೋನಲ್ಲಿ ಮತ್ತೆ ಆಡಿದೆ," ಎಂದಳು.

"ಹಿಡ್ಕೊಳ್ಳಿ!"

ಬಸ್ಸಿಗೆ ಬಸ್ಸೇ ಕಂಬಿಗಳಿಗೆ ಜೋತುಬಿದ್ದಿತು. ಬ್ರೇಕ್ ಬೀಳಲಿಲ್ಲ. ಬಸ್ಸು ಅದೇ ವೇಗದಲ್ಲಿ ಅಂಗಡಿಸಾಲು ದಾಟಿತು, ಸೇತುವೆ ದಾಟಿತು.

"ಎಲ್ಲರೂ ಹಿಡ್ಕೊಂಡಾಯ್ತಲ್ಲ ಅಣ್ಣಾ, ಬ್ರೇಕ್ ಎಲ್ಲಿ?" ಎಂದು ಕಂಡಕ್ಟರಮ್ಮ ಹಿಂದಿನಿಂದ ಕೂಗಿದಳು.

ಮುಂದಿನ ಸ್ಟಾಪಿನಲ್ಲಿ, ನಿಂತದ್ದೇ ಗೊತ್ತಾಗದಂತೆ ಬಸ್ಸು ನಿಂತಿತು. ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದು, ಕನ್ನಡಿಯನ್ನು ಬಿಟ್ಟು, ಇಡೀ ಮೈ ಹಿಂದಕ್ಕೆ ತಿರುಗಿಸಿ ಮಗಳ ಮುಖ ನೋಡಿದ. "ಹೇಳಿದ್ದು ಒಳ್ಳೇದಾಯ್ತು," ಎಂದ. "ಮನೇಗ್ ಹೋಗಿ ಅಮ್ಮನ ಜೊತೆ ಕೂತು ಮಾತಾಡೋಣ."

ಈ ಜಾತಿಯ ಮನುಷ್ಯರಿಗೆ ಶಾಂತರಾಗುವ ಯೋಗವನ್ನು ವಿಧಿ ಬರೆದಿರುವುದಿಲ್ಲ. ಅವರ ಸಿಟ್ಟು ಅವರ ಕೋಟಿನಂತೆಯೇ, ತೇಪೆ ಬಿದ್ದೀತೇ ಹೊರತು ಮೈ ಬಿಟ್ಟು ಕಳಚದು. ಅದನ್ನು ಮುಂದಿನ ಸ್ಟಾಪಿನವರೆಗೆ ಸದ್ದಿಲ್ಲದೆ ಹೊತ್ತೊಯ್ಯುವುದೇ ಅವರ ಪಾಲಿನ ದೊಡ್ಡ ತಪಸ್ಸು. ಮಕ್ಕಳು ಬಾಯಿ ಬಿಡುವುದಕ್ಕೆ ಅಷ್ಟು ದೂರ ಸಾಕು.