ತಪ್ಪದೆ ಕೊಟ್ಟ ಮಾತ್ರೆ

ಮರಿಸಿದ್ದಯ್ಯ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಪ್ರಯೋಗದ ತಾಕುಗಳಿಗೆ ಇಪ್ಪತ್ತೆರಡು ವರ್ಷ ಗೊಬ್ಬರ ತೂಗಿ ಹಾಕಿದವನು. ಹೇಳಿದ ದಿನ, ಹೇಳಿದ ಅಳತೆ. ಹೆಂಡತಿ ನಾಗರತ್ನಳ ಮಾತ್ರೆಗಳನ್ನೂ ಹಾಗೆಯೇ ಕೊಡುತ್ತಿದ್ದ. ಸಕ್ಕರೆ ಕಾಯಿಲೆಯಿಂದ ಅವಳ ಕಿಡ್ನಿಯೊಳಗೆ ಉರಿಯೂತವಾಗಿದೆ, ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆ ಎಂದು ಮಂಡ್ಯದ ಡಾಕ್ಟರು ವೀಣ ಹೊಸ ಮಾತ್ರೆ ಬರೆದಿದ್ದರು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ, ಕಿಡ್ನಿಯನ್ನೂ ಕಾಯುವ ಮಾತ್ರೆ. ಅವರು ಹೇಳಿದ್ದರಲ್ಲಿ ಅವನ ತಲೆಯಲ್ಲಿ ಉಳಿದದ್ದು ಒಂದೇ: ತಪ್ಪಿಸಬೇಡಿ.

ಸೋಮವಾರ ನಾಗರತ್ನಳಿಗೆ ವಾಂತಿ ಹತ್ತಿಕೊಂಡಿತು. ಮಂಗಳವಾರವೂ ಒಂದು ತುತ್ತು ಇಳಿಯಲಿಲ್ಲ. ಎರಡೂ ದಿನ ಮಾತ್ರೆ ನುಂಗಿಸಿದ. ಬುಧವಾರ ಬೆಳಿಗ್ಗೆಯೂ ನುಂಗಿಸಿ, ಬೆರಳು ಚುಚ್ಚಿ ನೋಡಿದರೆ ಮೀಟರು ನೂರ ಅರವತ್ತೆಂಟು ತೋರಿಸಿತು.

“ಸುಗರು ಸರ್ಯಾಗೇ ಅದೆ ಕಣಮ್ಮಿ. ಗ್ಯಾಸು ಇರ್ಬೇಕು, ಬುಡು.”

ಅವಳು ಮಲಗಿದ್ದಲ್ಲೇ, ಓಡಿಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಅದನ್ನು ಕಂಡು ಅವನಿಗೆ ದಿಗಿಲಾಯಿತು. ಆಟೋ ಹಿಡಿದು ತಮ್ಮೂರು ಯಲಿಯೂರಿನಿಂದ ಮಂಡ್ಯ ಸೇರುವಷ್ಟರಲ್ಲಿ ಅವಳ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

“ಲೇ ನಾಗೂ, ಕಣ್ಬುಡೇ!” ಎಂದು ದಾರಿಯುದ್ದಕ್ಕೂ ಕೆನ್ನೆ ತಟ್ಟಿದ.

ಆಸ್ಪತ್ರೆಯಲ್ಲಿ ವೀಣ ಓಡಿಬಂದರು. “ಊಟ ಮಾಡಿ ಎಷ್ಟು ಹೊತ್ತಾಯ್ತು?”

“ಎಲ್ಡು ದಿನಾಯ್ತು ಮೇಡಮ್ಮೋರೆ.”

“ಹೊಸ ಮಾತ್ರೆ?”

“ಒಂದಿನಾನೂ ತಪ್ಪಿಸ್ನಿಲ್ಲ. ಇವತ್ತೂ ಕೊಟ್ಟಿವ್ನಿ,” ಎಂದ, ಹೆಮ್ಮೆಯಿಂದಲೇ.

ವೀಣ ಅವರ ಮುಖ ಬಿಗಿಯಿತು. ರಕ್ತ ಪರೀಕ್ಷೆಗೆ ಹೋಯಿತು, ಡ್ರಿಪ್ಪು ಏರಿತು. ಫಲಿತಾಂಶ ಬಂದೊಡನೆ ಇನ್ಸುಲಿನ್ನೂ ಶುರುವಾಯಿತು.

“ಊಟ ಇಲ್ದೆ ಇದನ್ನ ತಗೊಂಡ್ರೆ ಸಕ್ಕರೆ ಹೆಚ್ಚು ಏರದೇನೇ ರಕ್ತದಲ್ಲಿ ಆಮ್ಲ ತುಂಬಿ ಅದು ಹುಳಿಯಾಗಬಹುದು ಯಜಮಾನ್ರೆ. ವಾಂತಿ ಆದ್ರೆ ನಿಲ್ಲಿಸಿ, ತಕ್ಷಣ ಬನ್ನಿ ಅಂದಿದ್ದೆನಲ್ಲ?”

“ಅಂಗಾದ್ರೆ ನಾನೇ ಇಸ ಆಕ್ದಂಗಾಯ್ತಾ?”

“ವಿಷ ಅಲ್ಲ, ಒಳ್ಳೇ ಮಾತ್ರೆನೇ. ಈಗ ಕೊಡಬಾರದಿತ್ತು, ಅಷ್ಟೆ.”

ಆರು ಗಂಟೆ ಕಾಲ ಅವನು ಬಾಗಿಲ ಪಕ್ಕದ ಬೆಂಚು ಬಿಟ್ಟೇಳಲಿಲ್ಲ. ಯಾರಾದರೂ ಹೊರಗೆ ಬಂದರೆ ಎದ್ದು ನಿಲ್ಲುವನು, ಅವರು ದಾಟಿಹೋದ ಮೇಲೆ ಕೂರುವನು. ಸಂಜೆ ನರ್ಸು ಒಳಗೆ ಕರೆದಳು. ನಾಗರತ್ನಳ ಉಸಿರು ಹದಕ್ಕೆ ಬಂದಿತ್ತು.

ರಕ್ತ ಪರೀಕ್ಷೆಯಲ್ಲಿ ಏರಿದ್ದ ಕಿಡ್ನಿಯ ಅಂಕಿ ಭಾನುವಾರದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿಯಿತು. ಆ ಮಾತ್ರೆ ಮತ್ತೆ ಬೇಕೋ ಬೇಡವೋ ಆಮೇಲೆ ನೋಡೋಣ ಎಂದರು ವೀಣ.

“ಇನ್ಮ್ಯಾಕೆ ನಿನ್ ಮಾತ್ರೆ ನಾನು ಮುಟ್ಟಾಕಿಲ್ಲ,” ಎಂದ ಮರಿಸಿದ್ದಯ್ಯ.

“ಇನ್ಯಾರು ಕೊಡ್ತಾರೆ? ಕೊಡು. ಮೊದ್ಲು ಉಂಡ್ಯಾ ಅಂತ ಕೇಳು.”

ಅವನು ಟವಲಿನಲ್ಲಿ ಮುಖ ಒರೆಸಿಕೊಂಡು, ಗಂಜಿ ತರಲು ಹೊರಟ.